ಗೋಡೆಯೊಳಗಿನ ವಿದ್ಯೆ

ಮನೆ ಕಟ್ಟುವ ಕಸುಬುಗಳಿಗೆಲ್ಲ ನಮ್ಮ ನುಡಿಯಲ್ಲಿ ಹಳೆಯ ಹೆಸರುಗಳಿವೆ. ಕಲ್ಲುಕುಟಿಗ, ಬಡಗಿ, ಕಮ್ಮಾರ, ಗಾರೆಯವನು ಎಂದೊಡನೆ ಆ ಮನುಷ್ಯನೂ ಅವನ ಉಪಕರಣಗಳೂ ಕಣ್ಣಮುಂದೆ ಬರುತ್ತವೆ. ವಿದ್ಯುತ್ತಿನ ಕೆಲಸದವನಿಗೆ ಮಾತ್ರ ಅಂಥ ಹೆಸರಿಲ್ಲ. ಎಲೆಕ್ಟ್ರಿಷಿಯನ್ ಎನ್ನುತ್ತೇವೆ, ವೈರ್‌ಮನ್ ಎನ್ನುತ್ತೇವೆ. ಮನೆಯ ಹಿರಿಯರು ಕರೆಂಟಿನವನು ಎನ್ನುತ್ತಾರೆ. ಇದು ಸಹಜವೇ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿ. ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ತಲೆತಲಾಂತರದ ಕಸುಬು ಇದಲ್ಲ. ಹಾಗಾದರೆ ಇಂದು ಊರೂರಿನಲ್ಲಿ ಏಳುತ್ತಿರುವ ಕಟ್ಟಡಗಳ ಗೋಡೆಯೊಳಗೆ ತಂತಿ ಎಳೆಯುವವನು ತನ್ನ ವಿದ್ಯೆಯನ್ನು ಎಲ್ಲಿ ಕಲಿತ?

ಬಹುಮಟ್ಟಿಗೆ ಅವನು ಅದನ್ನು ಕಲಿತದ್ದು ಕಟ್ಟಡದಲ್ಲಿಯೇ. ಶಾಲೆಯನ್ನು ನಡುವೆ ಬಿಟ್ಟು ಬಂದ ಹುಡುಗ ಒಬ್ಬ ಮೇಸ್ತ್ರಿಯ ಕೈಕೆಳಗೆ ಸೇರುತ್ತಾನೆ. ಹೆಲ್ಪರ್ ಎಂದೇ ಅವನ ಹೆಸರು. ತಾರಸಿಗೆ ಕಾಂಕ್ರೀಟು ಸುರಿಯುವ ಮುನ್ನ ಕಂಬಿಗಳ ನಡುವೆ ಪೈಪು ಕೂರಿಸುವುದು, ಗೋಡೆಯಲ್ಲಿ ಜಾಡು ಕೊರೆಯುವುದು, ಪೈಪಿನೊಳಗೆ ತಂತಿ ಎಳೆಯುವುದು, ಕೊನೆಗೆ ಸ್ವಿಚ್ಚಿನ ಬೋರ್ಡು ಜೋಡಿಸುವುದು: ಹೀಗೆ ಒಂದೊಂದನ್ನೇ ಕಂಡು ಕಲಿಯುತ್ತಾನೆ. ಕೈ ಪಳಗುತ್ತದೆ. ಹತ್ತು ವರ್ಷವಾದ ಮೇಲೆ ಅವನಿಗೆ ತಿಳಿಯದ ಕೆಲಸವೇ ಇಲ್ಲವೆನಿಸುತ್ತದೆ.

ಇಷ್ಟು ಸಾಲದೇ ಎಂದು ನೀವು ಕೇಳಬಹುದು. ಬಡಗಿಗೆ ಇಷ್ಟು ಸಾಕಾದೀತು. ಅವನು ಮಾಡಿದ ಬಾಗಿಲು ಸರಿಯಿಲ್ಲದಿದ್ದರೆ ಅದು ಚೌಕಟ್ಟಿಗೆ ಕೂರುವುದಿಲ್ಲ. ಕೆಲಸವೇ ಕೆಲಸಗಾರನನ್ನು ತಿದ್ದುತ್ತದೆ. ವಿದ್ಯುತ್ತಿನ ಕೆಲಸದ ಕಷ್ಟವೇ ಬೇರೆ. ಇಲ್ಲಿ ತಪ್ಪಾಗಿ ಮಾಡಿದ ಕೆಲಸವೂ ಬೆಳಗುತ್ತದೆ. ದೀಪಕ್ಕೆ ಹೋಗುವ ಎರಡು ತಂತಿಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಸ್ವಿಚ್ಚು ಫೇಸಿನ ದಾರಿಯಲ್ಲಿರಬೇಕು. ಅದನ್ನು ನ್ಯೂಟ್ರಲ್ಲಿನಲ್ಲಿ ಇಟ್ಟರೂ ಒತ್ತಿದಾಗ ದೀಪ ಹತ್ತುತ್ತದೆ, ಆರಿಸಿದಾಗ ಆರುತ್ತದೆ. ಆದರೆ ಆರಿದ ದೀಪದ ಹೋಲ್ಡರಿನಲ್ಲಿ 230 ವೋಲ್ಟು ಹಾಗೆಯೇ ನಿಂತಿರುತ್ತದೆ. ಸ್ವಿಚ್ಚು ಆರಿಸಿದ್ದೇನೆಂಬ ನೆಚ್ಚಿಕೆಯಿಂದ ಬಲ್ಬು ಬದಲಿಸಲು ಕುರ್ಚಿ ಹತ್ತಿದ ಗೃಹಿಣಿಗೆ ಅದು ಗೊತ್ತಾಗುವುದು ಹೇಗೆ? ಅರ್ತಿಂಗ್ ಇಲ್ಲದಿದ್ದರೂ ಗೀಸರು ನೀರು ಕಾಯಿಸುತ್ತದೆ. ಅದರೊಳಗಿನ ಹೊದಿಕೆ ಹಾಳಾದ ದಿನವಷ್ಟೇ ಆ ಕೊರತೆ ತಿಳಿಯುತ್ತದೆ. ತಿಳಿಯುವುದು ಒದ್ದೆ ಕೈಯಿಂದ ಅದನ್ನು ಮುಟ್ಟಿದವರಿಗೆ. ತಂತಿ ಎಳೆದವನು ಅಷ್ಟರಲ್ಲಿ ಬೇರೊಂದು ಊರಿನ ಬೇರೊಂದು ಕಟ್ಟಡದಲ್ಲಿರುತ್ತಾನೆ. ಆದುದರಿಂದ ಈ ಕಸುಬಿನಲ್ಲಿ ‘ಹೇಗೆ’ ಎಂಬುದನ್ನು ಕಂಡು ಕಲಿಯಬಹುದು. ‘ಏಕೆ’ ಎಂಬುದನ್ನು ಯಾರಾದರೂ ಕೂರಿಸಿಕೊಂಡು ಹೇಳಲೇಬೇಕು.

ಹಾಗೆ ಹೇಳುವ ಏರ್ಪಾಡು ನಮ್ಮಲ್ಲಿ ಇಲ್ಲದಿಲ್ಲ. 1950ರಲ್ಲಿ ಆರಂಭವಾದ ಕುಶಲಕರ್ಮಿಗಳ ತರಬೇತಿ ಯೋಜನೆಯಿಂದ ಐ.ಟಿ.ಐ.ಗಳು ಬೆಳೆದವು, 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಬಂದಿತು. ಐ.ಟಿ.ಐ.ಯ ಎಲೆಕ್ಟ್ರಿಷಿಯನ್ ಶಿಕ್ಷಣಕ್ಕೆ ಎರಡು ವರ್ಷ ಬೇಕು. ಹದಿನಾರರ ಹುಡುಗನಿಗೆ ಅದು ರಾಜಮಾರ್ಗ. ಆದರೆ ಇಪ್ಪತ್ತೆಂಟು ವಯಸ್ಸಿನ, ಹೆಂಡತಿ ಮಕ್ಕಳಿರುವ ಹೆಲ್ಪರನು ಎರಡು ವರ್ಷ ದಿನಗೂಲಿ ಬಿಟ್ಟು ಹಗಲು ಹೊತ್ತು ಬೆಂಚಿನ ಮೇಲೆ ಕೂರಲಾರ. ಅವನಿಗೆ ಬೇಕಾದದ್ದು ಸಂಜೆಯ ಎರಡು ಗಂಟೆ, ವಾರದ ರಜೆಯ ಒಂದು ದಿನ. ದುಡಿಯುವ ವಯಸ್ಕರ ಬಿಡುವಿಗೆ ಶಿಕ್ಷಣವೇ ಹೊಂದಿಕೊಳ್ಳಬೇಕೆಂಬ ವಿಚಾರದಿಂದ 1967ರಲ್ಲಿ ಮುಂಬಯಿಯಲ್ಲಿ ಮೊದಲ ಶ್ರಮಿಕ ವಿದ್ಯಾಪೀಠ ಹುಟ್ಟಿತು. ಆ ಬಗೆಯ ವಿದ್ಯಾಪೀಠಗಳಿಗೆ 2000ದಲ್ಲಿ ಜನ ಶಿಕ್ಷಣ ಸಂಸ್ಥಾನ ಎಂಬ ಹೆಸರಾಯಿತು. ಕರ್ನಾಟಕದಲ್ಲಿಯೂ ಅವು ಇವೆ. ಕೆಲಸದಲ್ಲಿಯೇ ಕಲಿತವನನ್ನು ಪರೀಕ್ಷಿಸಿ, ಅವನಿಗೆ ತಿಳಿದಿರುವುದನ್ನು ತಿಳಿದಿದೆಯೆಂದು ಬರೆದುಕೊಡುವ ಪದ್ಧತಿಯೂ ಈಚಿನ ವರ್ಷಗಳಲ್ಲಿ ಬಂದಿದೆ.

ನಿವೃತ್ತನಾದ ಮೇಲೆ ಇಂಥದೊಂದು ಸಂಜೆಯ ತರಗತಿಯವರು ನನ್ನನ್ನು ಕರೆದರು. ವಿದ್ಯುತ್ತನ್ನು ಕಲಿಸಲಿಕ್ಕಲ್ಲ, ಪಾಠದ ಟಿಪ್ಪಣಿಗಳ ಕನ್ನಡವನ್ನು ನೋಡಿಕೊಡಲಿಕ್ಕೆ. ಟಿಪ್ಪಣಿಯಲ್ಲಿ ‘ಭೂಸಂಪರ್ಕ ವಾಹಕ’ ಎಂದಿತ್ತು. ಮುಂದಿನ ಸಾಲಿನಲ್ಲಿದ್ದ ಮೂವತ್ತರ ಆಸುಪಾಸಿನವನೊಬ್ಬ ಸಂಕೋಚದಿಂದ ಎದ್ದು, “ಸರ್, ಇದು ಅರ್ತ್ ವೈರೇ ಅಲ್ವಾ?” ಎಂದ. ಹೌದೆಂದಾಗ ಇಡೀ ತರಗತಿಯ ಮುಖ ಅರಳಿತು. ಹತ್ತು ವರ್ಷ ಕೈಯಲ್ಲಿ ಹಿಡಿದ ಹಸಿರು ತಂತಿ ಅದು! ವಯಸ್ಕ ವಿದ್ಯಾರ್ಥಿಯ ವಿಶೇಷ ಇದೇ. ಅವನು ಬರಿಗೈಯಲ್ಲಿ ಬರುವುದಿಲ್ಲ. ಅವನ ಬಾಯಲ್ಲಿರುವ ಮಾತಿನಿಂದಲೇ ಪಾಠ ಹೊರಟರೆ ಕಾರಣವೂ ಅವನದಾಗುತ್ತದೆ. ಟಿಪ್ಪಣಿಯಲ್ಲಿ ಅರ್ತ್ ವೈರ್ ಎಂದೇ ಬರೆದೆವು.

ಅಲ್ಲಿಯ ಉಪಾಧ್ಯಾಯರು ಕಲಿಸಿದ ಕ್ರಮವನ್ನು ನಾನು ಮೆಚ್ಚಿದೆ. ಗೀಸರಿಗೆ ದಪ್ಪ ತಂತಿ ಬೇಕೆಂಬುದು ಅವರಿಗೆಲ್ಲ ಗೊತ್ತು. ಏಕೆಂಬುದಕ್ಕೆ ಒಂದು ಭಾಗಾಕಾರ ಸಾಕು. 2000 ವಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್; 3000 ವಾಟಾದರೆ 13. ತಂತಿ ಅಷ್ಟನ್ನು ಕಾಯದೆ ಹೊರಬೇಕು. ಆಮೇಲೆ ಎಂ.ಸಿ.ಬಿ.ಯ ಮಾತು. 16 ಆಂಪಿಯರಿನ ಎಂ.ಸಿ.ಬಿ. ಕಾಪಾಡುವುದು ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನ ಪ್ರಾಣ ತೆಗೆಯಲು ಅದರ ನೂರರಲ್ಲೊಂದು ಪಾಲೂ ಬೇಡ. ಅದಕ್ಕೆಂದೇ ಆರ್.ಸಿ.ಸಿ.ಬಿ. ಎಂಬ ಸಾಧನ. ಹೋದ ವಿದ್ಯುತ್ತಿಗೂ ಹಿಂದಿರುಗಿದ ವಿದ್ಯುತ್ತಿಗೂ ಅದು ಲೆಕ್ಕ ನೋಡುತ್ತದೆ. ಮನೆಗಳಲ್ಲಿ ಹಾಕುವ ಸಾಧನವಾದರೆ, ಲೆಕ್ಕದಲ್ಲಿ 30 ಮಿಲಿ ಆಂಪಿಯರ್ ತಪ್ಪುವುದರೊಳಗೆ, ಎಲ್ಲೋ ಸೋರುತ್ತಿದೆಯೆಂದು ಕ್ಷಣಾರ್ಧದಲ್ಲಿ ಕಡಿದುಬಿಡುತ್ತದೆ. ಇದನ್ನು ಕೇಳಿದ ಹೆಲ್ಪರನೊಬ್ಬ, “ಮೇಸ್ತ್ರಿ ಇದು ಪದೇ ಪದೇ ಬೀಳುತ್ತೆ ಅಂತ ತೆಗೆಸಿಬಿಟ್ಟಿದ್ದರು” ಎಂದು ಮೆಲ್ಲನೆ ಹೇಳಿದ. ಆ ಸಂಜೆಯ ಪಾಠದ ಬೆಲೆ ಎಷ್ಟೆಂಬುದನ್ನು ನಾನು ಬೇರೆ ವಿವರಿಸಬೇಕಾಗಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಪ್ರಮಾಣಪತ್ರ ಬೇರೆ, ಪರವಾನಗಿ ಬೇರೆ. ಸಂಜೆಯ ತರಗತಿಯ ಪತ್ರ ಕೆಲಸದ ಬಾಗಿಲನ್ನು ತೆರೆದೀತು. ಅಷ್ಟರಿಂದಲೇ ಅವನು ಸ್ವತಂತ್ರವಾಗಿ ಮನೆಯ ವೈರಿಂಗ್ ವಹಿಸಿಕೊಳ್ಳುವಂತಿಲ್ಲ. ಲೈಸೆನ್ಸ್ ಪಡೆದ ಕಂಟ್ರಾಕ್ಟರನ ಹೊಣೆಯಲ್ಲಿ, ಅರ್ಹ ಸೂಪರ್‌ವೈಸರನ ಕಣ್ಣೆದುರಿನಲ್ಲಿ, ಪರ್ಮಿಟ್ ಉಳ್ಳವನೇ ಈ ಕೆಲಸ ಮಾಡಬೇಕೆಂಬ ಕಟ್ಟಳೆ 1956ರ ನಿಯಮಗಳಲ್ಲಿತ್ತು. 2023ರ ಸುರಕ್ಷತಾ ವಿನಿಯಮಗಳಲ್ಲೂ ಉಳಿದಿದೆ. ಕರ್ನಾಟಕದಲ್ಲಿ ಈ ಪರ್ಮಿಟ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ತರಗತಿಗಳು ಈ ಮೆಟ್ಟಿಲುಗಳನ್ನು ಮೊದಲ ದಿನವೇ ತಿಳಿಸಬೇಕು; ಪತ್ರ ಹಿಡಿದು ಹೊರಬಂದವನು ಆಮೇಲೆ ಮೋಸಹೋದೆನೆಂದುಕೊಳ್ಳಬಾರದು.

ಮನೆ ಕಟ್ಟಿಸುವ ನಮ್ಮದೂ ಒಂದು ಪಾಲಿದೆ. ನೆಲಕ್ಕೆ ಹಾಸುವ ಕಲ್ಲಿನ ಬಣ್ಣವನ್ನು ಹತ್ತು ಅಂಗಡಿ ತಿರುಗಿ ಆರಿಸುವ ನಾವು, ತಂತಿ ಎಳೆಯುವವನ ಪರ್ಮಿಟನ್ನು ಒಮ್ಮೆಯಾದರೂ ಕೇಳಬೇಕು. ಅವನ ಹೆಲ್ಪರನು ತರಗತಿಗೆ ಹೋಗಬೇಕೆಂದು ಸಂಜೆ ಒಂದು ಗಂಟೆ ಮೊದಲು ಹೊರಟರೆ ಕೂಲಿ ಹಿಡಿಯದೆ ಕಳಿಸಬೇಕು. ಅವನು ಆ ಗಂಟೆಯಲ್ಲಿ ಕಲಿತು ಬರುವುದು ನಮ್ಮ ಗೋಡೆಯೊಳಗೇ ಸೇರುತ್ತದೆ.