ಮನೆಗೆ ಪೆಸ್ಟ್ ಕಂಟ್ರೋಲ್ ಮಾಡಿಸುತ್ತೀರಾ? ಬಾಗಿಲು ತೆರೆಯುವ ಮುನ್ನ ಈ ಮೂರನ್ನು ಕೇಳಿ

ಕೊಂಡಾಪುರ, ಕೊತ್ತಗುಡ, ಗಚ್ಚಿಬೌಲಿ, ಮಾದಾಪುರದ ಕಡೆ ಇರುವ ನಮ್ಮ ಕನ್ನಡದ ಬಂಧುಗಳಿಗೆ, ಹಾಗೆಯೇ ಬೆಂಗಳೂರು, ಕಲಬುರಗಿ, ರಾಯಚೂರು, ಬೀದರಿನಲ್ಲಿ ಇದನ್ನು ಓದುತ್ತಿರುವ ಎಲ್ಲರಿಗೂ ಈ ಮಾತು. ಸ್ವಲ್ಪ ಉದ್ದವಿದೆ, ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ ಮಕ್ಕಳಿದ್ದರೆ, ಅಥವಾ ನಿಮ್ಮ ಮಗನೋ ಮಗಳೋ ಪಿ.ಜಿ.ಯಲ್ಲಿದ್ದರೆ, ಇದು ನಿಮಗಾಗಿಯೇ.

ಅಡುಗೆಮನೆಯಲ್ಲಿ ಜಿರಳೆ, ಹಾಸಿಗೆಯಲ್ಲಿ ತಿಗಣೆ, ಬಾಗಿಲ ಚೌಕಟ್ಟಿಗೆ ಗೆದ್ದಲು. ಫೋನಿನಲ್ಲಿ ಒಂದು ನಂಬರ್ ಹುಡುಕುತ್ತೇವೆ. ಮಾರನೇ ದಿನ ಬೈಕಿನಲ್ಲಿ ಒಬ್ಬ ಹುಡುಗ ಬರುತ್ತಾನೆ, ಬೆನ್ನಿಗೆ ಕ್ಯಾನ್, ಕೈಯಲ್ಲಿ ಪೈಪು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. "ಔಷಧಿ ಹೊಡೆಸಿದೆವು" ಎನ್ನುತ್ತೇವೆ. ಮಾತಿಗೆ ಔಷಧಿ ಅನ್ನುತ್ತೇವೆ ಅಷ್ಟೇ, ಅದು ವಿಷ. ಯಾವ ವಿಷ, ಎಷ್ಟು ಹೊಡೆದರು, ಹೊಡೆದವರಿಗೆ ತರಬೇತಿ ಇದೆಯೇ, ಮತ್ತೆ ಯಾವಾಗ ಒಳಗೆ ಹೋಗಬಹುದು ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

*ನಡೆದಿರುವ ಮೂರು ಘಟನೆಗಳು*

1) 2022ರ ಆಗಸ್ಟ್, ಬೆಂಗಳೂರಿನ ವಸಂತನಗರ. ಬಾಡಿಗೆಗಿದ್ದ ಕುಟುಂಬವೊಂದು ಕೇರಳಕ್ಕೆ ಹೋಗಿತ್ತು. ಅವರಿಲ್ಲದಾಗ ಮನೆಗೆ ಕೀಟನಾಶಕ ಹೊಡೆಸಲಾಗಿತ್ತು. ಬೆಳಗಿನ ಜಾವ ಊರಿಂದ ಬಂದವರು ಹಾಗೆಯೇ ಮನೆಯೊಳಗೆ ವಿಶ್ರಾಂತಿ ಪಡೆದರು. ಸ್ವಲ್ಪ ಹೊತ್ತಿನಲ್ಲೇ ಅಸ್ವಸ್ಥರಾದರು. 8 ವರ್ಷದ ಮಗಳು ಉಳಿಯಲಿಲ್ಲ.

2) 2024ರ ನವೆಂಬರ್, ಚೆನ್ನೈ ಹತ್ತಿರದ ಕುಂದ್ರತ್ತೂರು. ಇಲಿ ಕಾಟಕ್ಕೆಂದು ಪೆಸ್ಟ್ ಕಂಟ್ರೋಲ್‌ನವರು ಮನೆಯೊಳಗೆ ಇಲಿ ಪಾಷಾಣ ಇಟ್ಟು ಹೋದರು. ರಾತ್ರಿ ಕುಟುಂಬ ಎ.ಸಿ. ಹಾಕಿಕೊಂಡು ಮಲಗಿತು. ಎರಡು ಪುಟ್ಟ ಮಕ್ಕಳು ತೀರಿಕೊಂಡವು, ಅಪ್ಪ ಅಮ್ಮ ಆಸ್ಪತ್ರೆ ಸೇರಿದರು.

3) 2025ರ ಅಕ್ಟೋಬರ್, ಬೆಂಗಳೂರಿನ ಎಚ್.ಎ.ಎಲ್. ಪ್ರದೇಶದ ಒಂದು ಪಿ.ಜಿ. ಆಂಧ್ರದ ಯುವಕನೊಬ್ಬ ಊರಿಗೆ ಹೋಗಿದ್ದಾಗ ತಿಗಣೆಗೆಂದು ಕೋಣೆಗೆ ರಾಸಾಯನಿಕ ಹೊಡೆದಿದ್ದರು. ಅದು ಗೊತ್ತಿಲ್ಲದೆ ಬಂದು ಮಲಗಿದ ಹುಡುಗ ಸತ್ತನೆಂದು ವರದಿಯಾಯಿತು.

ಮೂರರಲ್ಲೂ ಒಂದು ಸಾಮ್ಯ ಗಮನಿಸಿ. ಯಾರೂ ವಿಷ ಕುಡಿದವರಲ್ಲ, ಮುಟ್ಟಿದವರೂ ಅಲ್ಲ. ತಮ್ಮದೇ ಕೋಣೆಯಲ್ಲಿ, ಕಿಟಕಿ ಬಾಗಿಲು ಮುಚ್ಚಿಕೊಂಡು, ನಂಬಿಕೆಯಿಂದ ಮಲಗಿದ್ದವರು.

*ಸರ್ಕಾರದ ಕಾನೂನು ಇಲ್ಲವೇ?*

ಇದೆ. 1968ರ ಕೀಟನಾಶಕ ಕಾಯ್ದೆ ಮತ್ತು 1971ರ ಕೀಟನಾಶಕ ನಿಯಮಗಳು. ಇದು ಹೊಲಕ್ಕೆ ಮಾತ್ರ ಅನ್ವಯ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹಣ ಪಡೆದು ಮನೆಗೆ, ಹೋಟೆಲಿಗೆ, ಆಫೀಸಿಗೆ ಕೀಟನಾಶಕ ಹೊಡೆಯುವವರಿಗೂ ಇದೇ ಕಾಯ್ದೆಯಡಿ ಲೈಸೆನ್ಸ್ ಬೇಕು. ಕೊಡುವುದು ರಾಜ್ಯದ ಕೃಷಿ ಇಲಾಖೆ. ತೆಲಂಗಾಣದಲ್ಲೂ ಅಷ್ಟೇ, ಕರ್ನಾಟಕದಲ್ಲೂ ಅಷ್ಟೇ. ಅಂಗಡಿ ತೆರೆಯಲು ನಗರಪಾಲಿಕೆ ಕೊಡುವ ಟ್ರೇಡ್ ಲೈಸೆನ್ಸ್ ಬೇರೆ, ಜಿ.ಎಸ್.ಟಿ. ನಂಬರ್ ಬೇರೆ, ಈ ಲೈಸೆನ್ಸ್ ಬೇರೆ. ಮೊದಲಿನ ಎರಡನ್ನು ತೋರಿಸಿ "ನಮ್ಮದು ಗವರ್ನಮೆಂಟ್ ಅಪ್ರೂವ್ಡ್" ಎಂದರೆ ಒಪ್ಪಬೇಡಿ.

ಲೈಸೆನ್ಸ್ ಸುಮ್ಮನೆ ಸಿಗುವುದೂ ಇಲ್ಲ. ಸಂಸ್ಥೆಯ ಮಾಲೀಕರೋ ಅವರ ತಾಂತ್ರಿಕ ಪರಿಣತರೋ ಕೃಷಿ ಪದವೀಧರರಾಗಿರಬೇಕು, ಅಥವಾ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವೀಧರರಾಗಿರಬೇಕು. ಜೊತೆಗೆ ನಿಗದಿತ ಸಂಸ್ಥೆಯಲ್ಲಿ ಕನಿಷ್ಠ 15 ದಿನದ ತರಬೇತಿ ಪಡೆದಿರಬೇಕು. ಆ ಸಂಸ್ಥೆಗಳು ಯಾವುವು ಗೊತ್ತೇ? ಒಂದು ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ. ಇನ್ನೊಂದು ಉತ್ತರ ಪ್ರದೇಶದ ಹಾಪುಡದಲ್ಲಿರುವ ಧಾನ್ಯ ಸಂಗ್ರಹಣಾ ಸಂಸ್ಥೆ. ಮತ್ತೊಂದು ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ರಾಷ್ಟ್ರೀಯ ಸಸ್ಯ ಆರೋಗ್ಯ ನಿರ್ವಹಣಾ ಸಂಸ್ಥೆ. ಅಂದರೆ ಕೊಂಡಾಪುರದವರಿಗೆ ತರಬೇತಿ ಕೇಂದ್ರ ತಮ್ಮ ಊರಿನಲ್ಲೇ ಇದೆ. ತರಬೇತಿ ಇಲ್ಲದ ಕೈಗಳನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಇಲ್ಲಿ ಯಾವ ನೆಪವೂ ಇಲ್ಲ.

ಕೆಲಸಗಾರರಿಗೆ ತರಬೇತಿ, ಕೈಗವಸು, ಮುಖಕ್ಕೆ ರಕ್ಷಣೆ, ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಇರಬೇಕೆಂದೂ ನಿಯಮ ಹೇಳುತ್ತದೆ. ಬಂದ ಹುಡುಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬರಿಗೈಯಲ್ಲಿ ವಿಷ ಕಲಸುತ್ತಿದ್ದರೆ, ಅವನ ಜೀವದ ಬಗ್ಗೆಯೇ ಚಿಂತೆ ಇಲ್ಲದ ಮಾಲೀಕನಿಗೆ ನಿಮ್ಮ ಮಗುವಿನ ಚಿಂತೆ ಎಲ್ಲಿಂದ ಬರಬೇಕು?

*ಗುಳಿಗೆಯ ಬಗ್ಗೆ ವಿಶೇಷ ಎಚ್ಚರಿಕೆ*

ನಮ್ಮ ಕಡೆ ಜೋಳ, ತೊಗರಿ, ಅಕ್ಕಿ ಚೀಲಕ್ಕೆ ಹುಳು ಬೀಳದಿರಲೆಂದು ಹಾಕುವ ಗುಳಿಗೆ ಎಲ್ಲರಿಗೂ ಗೊತ್ತು. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಸಾಕು, ಫಾಸ್ಫೀನ್ ಎಂಬ ಅನಿಲ ಹೊರಡುತ್ತದೆ. ಗೋದಾಮುಗಳಿಗೆ ಮಾಡುವ ಧೂಮೀಕರಣಕ್ಕೆ, ಅಂದರೆ ಫ್ಯೂಮಿಗೇಶನ್‌ಗೆ, ಬಳಸುವುದು ಇದನ್ನೇ. ಕೆಲವರು ತಿಗಣೆಗೆಂದು, ಇಲಿಗೆಂದು ಮನೆಯೊಳಗೂ ಇಡುತ್ತಾರೆ. ಇದು ಪ್ರಾಣದ ಜೊತೆ ಆಟ.

ಒಂದು ಲೆಕ್ಕ ನೋಡಿ. 3 ಗ್ರಾಂನ ಒಂದು ಗುಳಿಗೆ ಸುಮಾರು 1 ಗ್ರಾಂ ಫಾಸ್ಫೀನ್ ಬಿಡುತ್ತದೆ. 10 ಅಡಿಗೆ 12 ಅಡಿಯ ಮುಚ್ಚಿದ ಕೋಣೆಯಲ್ಲಿ ಅದು ಹರಡಿದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 20 ಪಾಲು ಆಗುತ್ತದೆ. ಅಮೆರಿಕದಲ್ಲಿ ದಿನಕ್ಕೆ 8 ಗಂಟೆ ದುಡಿಯುವ ಆರೋಗ್ಯವಂತ ಕೆಲಸಗಾರನಿಗೆ ಇಟ್ಟಿರುವ ಮಿತಿ 0.3 ಪಾಲು. ಅಂದರೆ ಅದರ 60 ಪಟ್ಟಿಗೂ ಹೆಚ್ಚು. ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಬರುತ್ತದೆ ಎನ್ನುತ್ತಾರೆ, ಆದರೆ ವಾಸನೆಯನ್ನು ನಂಬುವಂತಿಲ್ಲ. ಇದಕ್ಕೆ ನಿರ್ದಿಷ್ಟ ಪ್ರತಿವಿಷವೂ ಇಲ್ಲ.

ಅದಕ್ಕೇ ನಮ್ಮ ಸರ್ಕಾರ ಇದರ ಮಾರಾಟವನ್ನು ಬಿಗಿ ಮಾಡಿದೆ. ಸರ್ಕಾರಿ ಸಂಸ್ಥೆಗಳಿಗೆ ಮತ್ತು ಪರಿಣತರ ಮೇಲ್ವಿಚಾರಣೆ ಇರುವ ಪೆಸ್ಟ್ ಕಂಟ್ರೋಲ್‌ನವರಿಗೆ ಮಾತ್ರ ಕೊಡಬೇಕು. ಬಳಸುವವರ ಪರಿಣತಿಗೆ ಕೇಂದ್ರ ಸರ್ಕಾರದ ಸಸ್ಯ ಸಂರಕ್ಷಣಾ ಸಲಹೆಗಾರರ ಒಪ್ಪಿಗೆ ಬೇಕು. 3 ಗ್ರಾಂ ಗುಳಿಗೆಗಳ 10 ಮತ್ತು 20ರ ಟ್ಯೂಬುಗಳನ್ನು 2001ರಲ್ಲೇ ನಿಷೇಧಿಸಲಾಗಿದೆ. ಆದ್ದರಿಂದ ಊರಿಂದ ಜೋಳದ ಚೀಲ ಬರುವಾಗ ಒಳಗೆ ಗುಳಿಗೆಯ ಪೊಟ್ಟಣ ಇದೆಯೇ ಎಂದು ಫೋನ್ ಮಾಡಿ ಕೇಳಿ. ಇದ್ದರೆ ಆ ಚೀಲ ಫ್ಲ್ಯಾಟಿನೊಳಗೆ ಬರಬಾರದು.

*"ಪಕ್ಕದ ಮನೆಗೆ ತಾನೇ ಹಾಕಿದ್ದು" ಎನ್ನಬೇಡಿ*

ಅನಿಲಕ್ಕೆ ಗೋಡೆಯ ಲೆಕ್ಕವಿಲ್ಲ. ಪೈಪಿನ ಸಂದಿ, ಬಾತ್‌ರೂಮಿನ ಡಕ್ಟ್, ಬಿರುಕು ಎಲ್ಲವೂ ಅದಕ್ಕೆ ದಾರಿ. 2015ರ ಮಾರ್ಚ್‌ನಲ್ಲಿ ಅಮೆರಿಕದ ವರ್ಜಿನ್ ದ್ವೀಪಗಳ ಒಂದು ರೆಸಾರ್ಟ್‌ನಲ್ಲಿ ಕೆಳಗಿನ ಮನೆಗೆ ಮೀಥೈಲ್ ಬ್ರೋಮೈಡ್ ಅನಿಲ ಹಾಕಿದರು. ಮೇಲಿನ ಮನೆಯಲ್ಲಿ ರಜೆಗೆ ಬಂದಿದ್ದ ತಂದೆ, ತಾಯಿ, ಇಬ್ಬರು ಹುಡುಗರು ತೀವ್ರ ಅಸ್ವಸ್ಥರಾದರು. ಮನೆಯೊಳಗೆ ಆ ಅನಿಲ ಬಳಸುವುದು ಅಲ್ಲಿ 1984ರಿಂದಲೇ ನಿಷಿದ್ಧ. ಆದರೂ ಬಳಸಿದ್ದರು. ಟರ್ಮಿನಿಕ್ಸ್ ಎಂಬ ಆ ದೊಡ್ಡ ಕಂಪನಿ ತಪ್ಪೊಪ್ಪಿಕೊಂಡು, ದಂಡ ಮತ್ತು ಪರಿಹಾರ ಸೇರಿ ಸುಮಾರು 1 ಕೋಟಿ ಡಾಲರ್ ತೆರಬೇಕಾಯಿತು.

2010ರಲ್ಲಿ ಅದೇ ದೇಶದ ಯೂಟಾದಲ್ಲಿ ಮನೆಯ ಹೊರಗೆ, ಇಲಿ ಜಾತಿಯ ಪ್ರಾಣಿಯ ಬಿಲಕ್ಕೆ ಫಾಸ್ಫೈಡ್ ಗುಳಿಗೆ ಹಾಕಿದ್ದರು. ಅನಿಲ ಮನೆಯೊಳಗೆ ನುಗ್ಗಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಸತ್ತರು. ಅದೇ ವರ್ಷ ಅಲ್ಲಿನ ಸರ್ಕಾರ ವಾಸದ ಮನೆಗಳ ಹತ್ತಿರ ಇದರ ಬಳಕೆಯನ್ನೇ ನಿಲ್ಲಿಸಿತು.

*ಹಾಗಾದರೆ ನಮ್ಮಲ್ಲಿ ಕೊರತೆ ಎಲ್ಲಿ?*

ಕಾಯ್ದೆಯಡಿ ಕೀಟನಾಶಕ ಇನ್‌ಸ್ಪೆಕ್ಟರ್‌ಗಳಿದ್ದಾರೆ. ಅವರು ಒಳಗೆ ಬಂದು ಪರಿಶೀಲಿಸಬಹುದು, ದಾಖಲೆ ಕೇಳಬಹುದು, ಮಾದರಿ ತೆಗೆದು ಪರೀಕ್ಷೆಗೆ ಕಳಿಸಬಹುದು. ತಪ್ಪು ಮಾಡಿದವರ ಲೈಸೆನ್ಸ್ ರದ್ದು ಮಾಡಲು, ಜೈಲಿಗೆ ಕಳಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ನಿಮ್ಮ ಮೂರನೇ ಮಹಡಿಯ ಫ್ಲ್ಯಾಟಿಗೆ ವಿಷ ಹೊಡೆಯುವ ದಿನ ಯಾವ ಇನ್‌ಸ್ಪೆಕ್ಟರೂ ಬಾಗಿಲಲ್ಲಿ ನಿಂತಿರುವುದಿಲ್ಲ. ಯಾರಾದರೂ ದೂರು ಕೊಟ್ಟ ಮೇಲೆ ಬರುತ್ತಾರೆ. ದೂರು ಬರುವುದು ಬಹಳ ಸಲ ಅನಾಹುತ ಆದ ಮೇಲೆ. ಆ ದಿನ ಬಾಗಿಲಲ್ಲಿ ನಿಂತು ಕೇಳಬೇಕಾದವರು ನೀವೇ.

*ಕೇಳಬೇಕಾದ ಮೂರು*

✅ 1. ಕೃಷಿ ಇಲಾಖೆಯ ಪೆಸ್ಟ್ ಕಂಟ್ರೋಲ್ ಲೈಸೆನ್ಸ್. ಹೆಸರು, ವಿಳಾಸ, ನಂಬರ್ ನೋಡಿ. ಫೋಟೊ ತೆಗೆದುಕೊಳ್ಳಿ.

✅ 2. ತಾಂತ್ರಿಕ ಪರಿಣತರ ತರಬೇತಿ ಪ್ರಮಾಣಪತ್ರ, ಮತ್ತು ಇವತ್ತು ಬಂದಿರುವ ವ್ಯಕ್ತಿ ಅದೇ ಸಂಸ್ಥೆಯವನೇ ಎಂಬುದಕ್ಕೆ ಗುರುತಿನ ಚೀಟಿ.

✅ 3. ವಿಷದ ಮೂಲ ಡಬ್ಬಿ, ಮತ್ತು ಮತ್ತೆ ಎಷ್ಟು ಗಂಟೆಯ ನಂತರ ಒಳಗೆ ಬರಬಹುದು ಎಂದು ಬರೆದುಕೊಟ್ಟ ಚೀಟಿ. ನೀರಿನ ಬಾಟಲಿಯಲ್ಲಿ, ಹೆಸರಿಲ್ಲದ ಕ್ಯಾನಿನಲ್ಲಿ ಕಲಸಿ ತಂದದ್ದು ಬೇಡವೇ ಬೇಡ. ಡಬ್ಬಿಯ ಮೇಲೆ ನೋಂದಣಿ ಸಂಖ್ಯೆ, ಅವಧಿ ಮುಗಿಯುವ ದಿನ, ಪ್ರತಿವಿಷದ ವಿವರ ಇರಬೇಕು. ಚೌಕಾಕಾರದ ಗುರುತಿನಲ್ಲಿ ಬಣ್ಣವೂ ಇರುತ್ತದೆ. ಕೆಂಪು ಎಂದರೆ ಅತಿ ಘೋರ ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಎಂದರೂ ವಿಷವಲ್ಲ ಎಂದರ್ಥವಲ್ಲ. ಡೈಕ್ಲೋರ್‌ವಾಸ್ ಎಂಬ ಹೆಸರು ಕಂಡರೆ ತಕ್ಷಣ ಬೇಡ ಎನ್ನಿ, 2020ರ ಕೊನೆಯಿಂದ ಅದು ದೇಶದಲ್ಲಿ ನಿಷಿದ್ಧ.

ಮೂರರಲ್ಲಿ ಒಂದಕ್ಕೂ ಸರಿಯಾದ ಉತ್ತರ ಬರದಿದ್ದರೆ ಬಾಗಿಲಿಂದಲೇ ವಾಪಸ್ ಕಳಿಸಿ. ಮುನ್ನೂರು ರೂಪಾಯಿ ಉಳಿಸಲು ಹೋಗಬೇಡಿ.

*ಹೊಡೆಸುವ ದಿನ*

▪ ಆದಷ್ಟು ಜೆಲ್, ಬಲೆ, ಅಂಟು ಹಾಳೆಯಲ್ಲೇ ಮುಗಿಸಿ. ಜಿರಳೆಗೆ ಮನೆಯೆಲ್ಲ ಸ್ಪ್ರೇ ಮಾಡಬೇಕಾಗಿಲ್ಲ.
▪ ಮಕ್ಕಳು, ಬಸುರಿ ಬಾಣಂತಿಯರು, ವಯಸ್ಸಾದವರು, ಅಸ್ತಮಾ ಇರುವವರು, ನಾಯಿ ಬೆಕ್ಕು ಮನೆಯಲ್ಲಿ ಇರಬಾರದು.
▪ ಕುಡಿಯುವ ನೀರು, ಹಿಟ್ಟು, ಕಾಳು, ಪಾತ್ರೆ ಮುಚ್ಚಿ ಬೇರೆಡೆ ಇಡಿ.
▪ ಹಾಸಿಗೆ, ದಿಂಬಿನ ಮೇಲೆ ನೇರವಾಗಿ ಹೊಡೆಯಲು ಬಿಡಬೇಡಿ.
▪ ಅಕ್ಕಪಕ್ಕ, ಮೇಲೆ ಕೆಳಗಿನ ಮನೆಯವರಿಗೆ ಹಿಂದಿನ ದಿನವೇ ತಿಳಿಸಿ. ಬಾಗಿಲಿಗೆ ದಿನ, ಸಮಯ, ವಿಷದ ಹೆಸರು ಬರೆದು ಅಂಟಿಸಿ.
▪ ಒಳಗೆ ಬಂದಾಗ ಮೊದಲು ಕಿಟಕಿಗಳನ್ನೆಲ್ಲ ತೆರೆದು, ಫ್ಯಾನ್ ಹಾಕಿ ಹೊರಗೆ ಬನ್ನಿ. ಗಾಳಿ ಚೆನ್ನಾಗಿ ಆಡಿದ ಮೇಲೆ ನೆಲ ಒರೆಸಿ. ಎ.ಸಿ. ಹಾಕಿ ಮುಚ್ಚಿಕೊಂಡು ಮಲಗಬೇಡಿ.

ಪಿ.ಜಿ.ಯಲ್ಲಿರುವ ಮಕ್ಕಳಿಗೆ ಒಂದು ಮಾತು ಹೇಳಿ. ಊರಿಂದ ವಾಪಸ್ ಹೋದಾಗ "ನಾನಿಲ್ಲದಾಗ ರೂಮಿಗೆ ಏನಾದರೂ ಹೊಡೆದಿರಾ?" ಎಂದು ವಾರ್ಡನ್ ಹತ್ತಿರ ಕೇಳಿಯೇ ಒಳಗೆ ಹೋಗಬೇಕು. ಬಾಡಿಗೆ ಮನೆಯವರೂ ಮಾಲೀಕರನ್ನು ಹೀಗೆಯೇ ಕೇಳಿ. ಇದರಲ್ಲಿ ಸಂಕೋಚ ಬೇಡ.

*ಏನಾದರೂ ಆದರೆ*

ಒಂದೇ ಮನೆಯ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಂತಿ, ಹೊಟ್ಟೆನೋವು, ಎದೆ ಬಿಗಿತ, ಉಸಿರಾಟದ ತೊಂದರೆ ಬಂದರೆ "ಹೊರಗಿನ ಊಟ ಕೆಟ್ಟಿರಬೇಕು" ಎಂದು ಕೂರಬೇಡಿ. ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ಕಣ್ಣಿನ ಪಾಪೆ ಚಿಕ್ಕದಾಗುವುದೂ ಕೆಲವು ಕೀಟನಾಶಕಗಳ ಲಕ್ಷಣ.

🚑 ಎಲ್ಲರೂ ತಕ್ಷಣ ಹೊರಗಿನ ಗಾಳಿಗೆ ಬನ್ನಿ. 108ಕ್ಕೆ ಕರೆ ಮಾಡಿ. ಮೈಮೇಲೆ ಬಿದ್ದಿದ್ದರೆ ಬಟ್ಟೆ ತೆಗೆದು ಸೋಪು ನೀರಿನಲ್ಲಿ ತೊಳೆಯಿರಿ. ಹಾಲು, ತುಪ್ಪ, ಮಜ್ಜಿಗೆ ಕುಡಿಸಬೇಡಿ, ಬಲವಂತವಾಗಿ ವಾಂತಿ ಮಾಡಿಸಬೇಡಿ. ಡಬ್ಬಿಯ ಫೋಟೊ ವೈದ್ಯರಿಗೆ ತೋರಿಸಿ. ಕೆಲವು ವಿಷಗಳಿಗೆ ಪ್ರತಿವಿಷ ಇದೆ, ಕೆಲವಕ್ಕೆ ಇಲ್ಲ. ಹೆಸರು ಗೊತ್ತಾದರೆ ವೈದ್ಯರಿಗೆ ಅಮೂಲ್ಯ ಸಮಯ ಉಳಿಯುತ್ತದೆ. ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಈಗಲೇ ಸೇವ್ ಮಾಡಿಟ್ಟುಕೊಳ್ಳಿ.

ನಂತರ ಬಿಡಬೇಡಿ. ಪೊಲೀಸರಿಗೆ ಮತ್ತು ಜಿಲ್ಲಾ ಕೃಷಿ ಅಧಿಕಾರಿಗೆ ಲಿಖಿತ ದೂರು ಕೊಡಿ. ಕೊಂಡಾಪುರ ರಂಗಾರೆಡ್ಡಿ ಜಿಲ್ಲೆಗೆ ಸೇರಿದ್ದು. ಲೈಸೆನ್ಸ್ ಇಲ್ಲದೆ ಕೆಲಸ ಮಾಡುವವರು ಕಂಡರೆ ಅನಾಹುತ ಆಗುವ ಮೊದಲೇ ದೂರು ಕೊಡಬಹುದು.

ಅಪಾರ್ಟ್‌ಮೆಂಟ್ ಸಂಘದವರಿಗೆ ಒಂದು ವಿನಂತಿ. ನಿಮ್ಮ ಗೇಟಿನಲ್ಲಿ ಊಟ ತರುವ ಹುಡುಗನ ಹೆಸರು, ಫ್ಲ್ಯಾಟ್ ನಂಬರ್ ಎಲ್ಲ ಬರೆಸಿಕೊಳ್ಳುತ್ತೀರಿ. ವಿಷದ ಕ್ಯಾನ್ ತರುವವನ ಲೈಸೆನ್ಸ್ ನಂಬರನ್ನೂ ಅದೇ ಪುಸ್ತಕದಲ್ಲಿ ಬರೆಸಿಕೊಳ್ಳಿ. ಖರ್ಚಿಲ್ಲದ ಕೆಲಸ, ನಾಳೆಯೇ ಶುರು ಮಾಡಬಹುದು.

ಉಪಯುಕ್ತ ಎನಿಸಿದರೆ ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ, ಪಿ.ಜಿ.ಯಲ್ಲಿರುವ ಮಕ್ಕಳಿಗೆ ತಪ್ಪದೆ ಕಳಿಸಿ. 🙏