ಹೊಸ್ತಿಲ ಮೇಲಿನ ಮಾತು

ಮೂವತ್ತು ವರ್ಷ ಪಾಠ ಹೇಳಿದವನಿಗೆ ಒಂದು ಅನುಭವ ತಪ್ಪದೆ ಬಂದಿರುತ್ತದೆ. ಪಾಠ ಮುಗಿಸಿ, "ಯಾರಿಗಾದರೂ ಸಂದೇಹವಿದೆಯೆ?" ಎಂದು ಕೇಳಿದರೆ ತರಗತಿಯೆಲ್ಲ ಮೌನ. ಗಂಟೆ ಬಾರಿಸುತ್ತದೆ, ಹುಡುಗರು ಹೊರಟುಹೋಗುತ್ತಾರೆ, ನಾವು ಸೀಮೆಸುಣ್ಣದ ಕೈ ಕೊಡವಿಕೊಂಡು ಬಾಗಿಲಿಗೆ ಬರುವ ಹೊತ್ತಿಗೆ ಕಂಬದ ಮರೆಯಿಂದ ಒಬ್ಬ ಹುಡುಗ ಮುಂದೆ ಬಂದು, "ಸಾರ್, ಒಂದು ಮಾತು" ಎನ್ನುತ್ತಾನೆ. ಆ ದಿನದ ನಿಜವಾದ ಪ್ರಶ್ನೆ ಅದೇ ಆಗಿರುತ್ತದೆ. ವೈದ್ಯರಿಗೂ ಇಂಥದೇ ಅನುಭವವುಂಟೆಂದು ನನಗೆ ತಿಳಿದುದು ಬಹಳ ತಡವಾಗಿ. ರೋಗಿಯಾದವನು ಶೀತ, ಕೆಮ್ಮು, ಸೊಂಟನೋವು ಎಂದು ಏನೇನೋ ಹೇಳಿ, ಚೀಟಿಯನ್ನು ಮಡಿಸಿ ಜೇಬಿಗಿಟ್ಟು, ಎದ್ದು, ಹೊಸ್ತಿಲ ಬಳಿ ಒಂದು ಕ್ಷಣ ತಡೆದು, "ಅಂದ ಹಾಗೆ ಡಾಕ್ಟರೇ..." ಎಂದು ಆರಂಭಿಸುತ್ತಾನೆ. ಅವನು ಮನೆಯಿಂದ ಹೊರಟುಬಂದುದೇ ಆ 'ಅಂದ ಹಾಗೆ'ಗಾಗಿ.

ಆರೋಗ್ಯದ ವಿಷಯದಲ್ಲಿ ಸಲಹೆ ಕೇಳಲು ನಮ್ಮ ಜನ ಹಿಂಜರಿಯುವವರಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವನು ಎರಡು ಬಾರಿ ಸೀನಿದರೆ ಸಾಕು, ಮುಂದಿನ ನಿಲ್ದಾಣ ಬರುವುದರೊಳಗೆ ಅವನಿಗೆ ಮೂರು ಬಗೆಯ ಕಷಾಯ ತಿಳಿದಿರುತ್ತದೆ. ಮದುವೆಯ ಮನೆಯಲ್ಲಿ ಎಲೆಯ ಮುಂದೆ ಕುಳಿತು ಒಬ್ಬರು ತಮ್ಮ ಮೂಲವ್ಯಾಧಿಯ ವೃತ್ತಾಂತವನ್ನು ಪಾಯಸ ಬರುವವರೆಗೂ ವರ್ಣಿಸಿದುದನ್ನು ನಾನು ಕೇಳಿದ್ದೇನೆ. ಮೆಂತ್ಯ, ಹಾಗಲಕಾಯಿ, ನೆಲನೆಲ್ಲಿ, ಅಮೃತಬಳ್ಳಿ ಇವುಗಳ ಗುಣಗಳನ್ನು ಹೇಳಲು ಬಾರದ ಗೃಹಸ್ಥನೇ ಇಲ್ಲವೆಂದರೂ ಆದೀತು. ಹೀಗೆ ಊರಿಗೆಲ್ಲ ಹೇಳಿಕೊಳ್ಳುವ ನಾವು ವೈದ್ಯರ ಎದುರಿಗೆ ಕುಳಿತೊಡನೆ ಮಾತು ಮರೆಯುತ್ತೇವೆ. ಏನು ತೊಂದರೆ ಎಂದು ಅವರು ಕೇಳಿದರೆ, "ಏನೂ ಇಲ್ಲ, ಸ್ವಲ್ಪ ಸುಸ್ತು" ಎನ್ನುತ್ತೇವೆ. ಏನೂ ಇಲ್ಲದಿದ್ದರೆ ಅಷ್ಟು ಹೊತ್ತು ಬೆಂಚಿನ ಮೇಲೆ ಕಾದದ್ದೇಕೆ?

ವಾಗ್ಭಟನು ರೋಗಿಯನ್ನು ಪರೀಕ್ಷಿಸುವ ಮಾರ್ಗಗಳನ್ನು ಮೂರಾಗಿ ಹೇಳುತ್ತಾನೆ: ದರ್ಶನ, ಸ್ಪರ್ಶನ, ಪ್ರಶ್ನ. ನೋಡುವುದು, ಮುಟ್ಟುವುದು, ಕೇಳುವುದು. ಮೊದಲಿನ ಎರಡಕ್ಕೆ ಕಾಲಕಾಲಕ್ಕೆ ಉಪಕರಣಗಳ ನೆರವು ದೊರೆತಿದೆ. ಕಣ್ಣಿಗೆ ಕಾಣದ ಮೂಳೆಯನ್ನು ತೋರಿಸುವ ಕಿರಣ ಬಂದಿತು. ಬೆರಳಿಗೆ ಸಿಕ್ಕದ ಗಡ್ಡೆಯನ್ನು ಹಿಡಿದುಕೊಡುವ ಯಂತ್ರ ಬಂದಿತು. ಮೂರನೆಯದು ಮಾತ್ರ ವಾಗ್ಭಟನ ಕಾಲದಲ್ಲಿದ್ದಂತೆಯೇ ಇದೆ. ಒಬ್ಬರು ಕೇಳಬೇಕು, ಇನ್ನೊಬ್ಬರು ಹೇಳಬೇಕು. ಹೇಳದಿದ್ದರೆ?

೨೦೧೨ರಲ್ಲಿ ನನಗೆ ನಲವತ್ತೇಳು ವರ್ಷ. ಕಾಲೇಜಿನ ಮಹಡಿಯ ಮೆಟ್ಟಿಲು ಹತ್ತುವಾಗ ಎದೆಯ ನಡುವೆ ಯಾರೋ ಅಂಗೈ ಒತ್ತಿದಂತಾಗುತ್ತಿತ್ತು. ಮೇಲೆ ಹೋಗಿ ನಿಂತರೆ ಹೋಗುತ್ತಿತ್ತು. ಅಜೀರ್ಣವೆಂದು ಜೀರಿಗೆಯ ನೀರು ಕುಡಿದುದಾಯಿತು. ಎರಡು ತಿಂಗಳ ಮೇಲೆ, ಹೆಂಡತಿಯ ಒತ್ತಾಯಕ್ಕೆ, ಮೈಸೂರಿನಲ್ಲಿ ನಮಗೆ ಪರಿಚಯವಿದ್ದ ವೈದ್ಯರೊಬ್ಬರಲ್ಲಿಗೆ ಹೋದೆ. ಅವರು ವಯಸ್ಸಾದವರು, ಅವಸರವಿಲ್ಲದವರು. ನನ್ನನ್ನು ಪರೀಕ್ಷಿಸಿ, ಬರೆದುಕೊಳ್ಳುತ್ತ ಕೇಳಿದರು:

"ತಂದೆಯವರು ಇದ್ದಾರೆಯೆ?"

"ಇಲ್ಲ. ನಾನು ಒಂಬತ್ತು ವರ್ಷದವನಾಗಿದ್ದಾಗ ಹೋದರು."

"ಏನಾಗಿತ್ತು?"

"ಎದೆಗೆ ವಾಯು ಹತ್ತಿತ್ತಂತೆ."

ಅವರು ಲೇಖನಿಯನ್ನು ಕೆಳಗಿಟ್ಟರು. "ನಲವತ್ತು ವರ್ಷದಿಂದ ಇದೇ ಮಾತು ಕೇಳುತ್ತಿದ್ದೇನೆ. ಎದೆಗೆ ವಾಯು ಹತ್ತಿತು ಎಂದವರ ಮನೆಗಳಲ್ಲಿ ಹತ್ತಿದ್ದು ವಾಯುವಲ್ಲ. ಹಳಬರು ಯಾರಾದರೂ ಇದ್ದರೆ ವಿಚಾರಿಸಿಕೊಂಡು ಬನ್ನಿ" ಎಂದರು. ಹೃದಯದ ಪರೀಕ್ಷೆಗೂ ಅಂದೇ ಬರೆದುಕೊಟ್ಟರು.

ಅಮ್ಮನನ್ನು ಕೇಳಿದೆ. "ಅದೆಲ್ಲ ಈಗ ಯಾಕೆ?" ಎಂದು ಎದ್ದು ಒಳಗೆ ಹೋದಳು. ಸಾಗರದಲ್ಲಿ ನಮ್ಮ ಸೋದರತ್ತೆ ಇದ್ದಳು, ಅಪ್ಪನ ಅಕ್ಕ, ಎಂಬತ್ತು ದಾಟಿದವಳು. ಆ ಭಾನುವಾರವೇ ಅಲ್ಲಿಗೆ ಹೋದೆ. ಅತ್ತೆ ಅಡಿಕೆ ಕತ್ತರಿಸುತ್ತಲೇ ಎಲ್ಲವನ್ನೂ ಹೇಳಿದಳು. ಅಪ್ಪ ೧೯೭೪ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಬೆಳಗ್ಗೆ ಬಾವಿಯಿಂದ ನೀರು ಸೇದುತ್ತಿದ್ದವನು ಹಗ್ಗವನ್ನು ಬಿಟ್ಟು ಕಟ್ಟೆಯ ಮೇಲೆ ಕುಳಿತನಂತೆ. ಅಂಗಿ ನೀರಿನಲ್ಲಿ ಅದ್ದಿದಂತೆ ಬೆವರು. ಎಡದ ತೋಳು ಎಳೆಯುತ್ತದೆ ಎಂದನಂತೆ. ಇಂಗು ಕಲಸಿಕೊಟ್ಟರು, ಬಿಸಿನೀರಿನ ಶಾಖ ಕೊಟ್ಟರು, ಗಾಡಿ ಕಟ್ಟುವಷ್ಟರಲ್ಲಿ ಮುಗಿದಿತ್ತು. "ನಮ್ಮ ಅಪ್ಪಯ್ಯನೂ ಹಾಗೇ. ತೋಟದಲ್ಲಿ. ನಿನ್ನ ಚಿಕ್ಕಪ್ಪನೂ ಹಾಗೇ" ಎಂದು ಅಡಿಕೆಯ ಹೋಳುಗಳನ್ನು ಒಟ್ಟುಮಾಡಿದಳು.

ಇಷ್ಟು ವರ್ಷ ಯಾರೂ ಏಕೆ ಹೇಳಲಿಲ್ಲ ಎಂದೆ. ಅತ್ತೆ ನನ್ನನ್ನು ದಡ್ಡನೆಂಬಂತೆ ನೋಡಿದಳು. ಮನೆಯಲ್ಲಿ ಮದುವೆಯಾಗಬೇಕಾದ ಹೆಣ್ಣುಮಕ್ಕಳು ಮೂವರಿದ್ದರು. ಆ ಮನೆಯ ಗಂಡಸರು ಐವತ್ತು ದಾಟುವುದಿಲ್ಲ ಎಂಬ ಮಾತು ಹೊರಗೆ ಹೋದರೆ ಸಂಬಂಧ ಬೆಳೆಸಲು ಯಾರು ಬಂದಾರು? ಆದುದರಿಂದ ವಾಯು. ಚಿಕ್ಕಪ್ಪನ ವಿಷಯದಲ್ಲಿ ದೃಷ್ಟಿದೋಷ. ಅಜ್ಜನ ವಿಷಯದಲ್ಲಿ ಆಯುಷ್ಯ ಮುಗಿದಿತ್ತು, ಅಷ್ಟೆ. ಆ ಮೂವರು ಹುಡುಗಿಯರ ಮದುವೆಗಳೂ ಆದವು. ಅವರ ಮಕ್ಕಳಿಗೂ ವಾಯುವಿನ ಕಥೆಯೇ ಹೋಯಿತು. ಇದನ್ನು ಮೋಸವೆನ್ನಲು ನನಗೆ ಬಾಯಿ ಬಾರದು. ಆ ಕಾಲದ ಮಲೆನಾಡಿನ ಹಳ್ಳಿಯಲ್ಲಿ ನಿಜ ತಿಳಿದಿದ್ದರೂ ಮಾಡಬಹುದಾಗಿದ್ದುದು ಏನಿತ್ತು? ಆದರೆ ಮಾಡಬಹುದಾದ ಕಾಲ ಬಂದ ಮೇಲೂ ಮಾತು ಮುಚ್ಚಿಯೇ ಇತ್ತು.

ತಂದೆ ಅಥವಾ ಅಣ್ಣತಮ್ಮಂದಿರಿಗೆ ೫೫ ವರ್ಷಕ್ಕೆ ಮುಂಚೆ, ತಾಯಿ ಅಥವಾ ಅಕ್ಕತಂಗಿಯರಿಗೆ ೬೫ ವರ್ಷಕ್ಕೆ ಮುಂಚೆ ಹೃದಯದ ರಕ್ತನಾಳಗಳ ರೋಗ ಬಂದಿದ್ದರೆ, ಅದನ್ನು ವೈದ್ಯರು ವಿಶೇಷವಾಗಿ ಗುರುತು ಹಾಕಿಕೊಳ್ಳುತ್ತಾರೆ. ರಕ್ತದಲ್ಲಿ ಕೊಬ್ಬು ಹೆಚ್ಚಾಗಿ ನಿಲ್ಲುವ ಸ್ವಭಾವ ಕೆಲವು ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಇಳಿದುಬರುತ್ತದೆ. ಮೈಯಲ್ಲಿ ಅದರ ಸುಳಿವು ಬಹುಕಾಲ ಕಾಣುವುದಿಲ್ಲ. ನನ್ನ ಹೃದಯದ ಒಂದು ನಾಳ ಮುಕ್ಕಾಲು ಪಾಲು ಕಟ್ಟಿಕೊಂಡಿತ್ತು. ಅದಕ್ಕೆ ಚಿಕಿತ್ಸೆಯಾಯಿತು. ಅತ್ತೆಯ ಮಾತನ್ನು ವೈದ್ಯರಿಗೆ ತಿಳಿಸಿದಾಗ ಅವರು ನನಗಿಂತ ಹೆಚ್ಚಾಗಿ ನನ್ನ ತಮ್ಮನ ವಿಷಯ ವಿಚಾರಿಸಿದರು. ಅವನು ದಿನವೂ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುವವನು. ತನಗೇನೂ ಇಲ್ಲವೆಂದು ನಕ್ಕ. ರಕ್ತಪರೀಕ್ಷೆಯಲ್ಲಿ ಅವನ ಕೊಬ್ಬು ನನ್ನದಕ್ಕಿಂತ ಮೇಲಿತ್ತು. ಈಗ ಇಬ್ಬರೂ ರಾತ್ರಿ ಊಟದ ಮೇಲೆ ಒಂದೇ ಗುಳಿಗೆ ನುಂಗುತ್ತೇವೆ.

ವೈದ್ಯರಿಗೆ ಹೇಳದಿರುವುದರಲ್ಲಿಯೂ ಬಗೆಗಳುಂಟು. ನನ್ನ ಮಿತ್ರರೊಬ್ಬರು ಸಕ್ಕರೆ ಕಾಯಿಲೆಯವರು, ಸಂಸ್ಕೃತದ ಪಂಡಿತರು. ರಕ್ತಪರೀಕ್ಷೆಗೆ ಮೂರು ದಿನ ಮೊದಲಿನಿಂದ ಪಥ್ಯ ಹಿಡಿದು ಋಷಿಗಳಂತೆ ಬಾಳುವರು, ಪರೀಕ್ಷೆಯ ದಿನ ಅಂಕಿ ಚೆನ್ನಾಗಿ ಬರುವುದು, ಸಂಜೆ ಮೈಸೂರುಪಾಕು. ಈಚೆಗೆ ಇನ್ನೊಂದು ಬಗೆಯ ಪರೀಕ್ಷೆಯನ್ನು ವೈದ್ಯರು ಮಾಡಿಸುತ್ತಾರೆ. ರಕ್ತದ ಕೆಂಪುಕಣ ಸುಮಾರು ೧೨೦ ದಿನ ಬದುಕುತ್ತದೆ. ರಕ್ತದ ಸಕ್ಕರೆ ಅದರೊಳಗಿನ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತ ಹೋಗುತ್ತದೆ. ಎಷ್ಟು ಅಂಟಿದೆಯೆಂದು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೊರಬೀಳುತ್ತದೆ. ಪಂಡಿತರು ಇದನ್ನು ಕೇಳಿ, "ಚಿತ್ರಗುಪ್ತನಿಗೆ ಪ್ರಯೋಗಶಾಲೆಯಲ್ಲಿ ಕೆಲಸ ಸಿಕ್ಕಿತೆಂದು ಕಾಣುತ್ತದೆ" ಎಂದರು. ನಕ್ಕದ್ದಾಯಿತು. ಆದರೆ ಮನೆಯವರ ಮಾತಿಗೆ ಜಗ್ಗದವರು ಆ ಒಂದು ಅಂಕಿಗೆ ಜಗ್ಗಿದರು.

ಎಲ್ಲ ಗುಟ್ಟಿಗೂ ಇಂಥ ಚಿತ್ರಗುಪ್ತನಿಲ್ಲ. ವೈದ್ಯರ ಕೊರಳಿನಲ್ಲಿ ತೂಗುವ ಸ್ಟೆತಾಸ್ಕೋಪು ಹುಟ್ಟಿದ್ದೇ ಸಂಕೋಚದಿಂದ ಎಂಬುದನ್ನು ಓದಿ ನನಗೆ ಆಶ್ಚರ್ಯವಾಗಿತ್ತು. ೧೮೧೬ರಲ್ಲಿ ಪ್ಯಾರಿಸ್ಸಿನಲ್ಲಿ ಲೆನೆಕ್ ಎಂಬ ವೈದ್ಯನ ಬಳಿಗೆ ಹೃದಯದ ತೊಂದರೆಯ ತರುಣಿಯೊಬ್ಬಳು ಬಂದಳು. ಅಂದಿನ ಪದ್ಧತಿಯಂತೆ ಎದೆಗೆ ನೇರವಾಗಿ ಕಿವಿಯಿಟ್ಟು ಕೇಳುವುದು ಸಭ್ಯವೆನಿಸಲಿಲ್ಲ. ಆತ ಕಾಗದವನ್ನು ಸುರುಳಿ ಸುತ್ತಿ ಅದರ ಒಂದು ತುದಿಯನ್ನು ಆಕೆಯ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಹಿಡಿದ. ಹೃದಯದ ಸದ್ದು ಮೊದಲಿಗಿಂತ ಸ್ಪಷ್ಟವಾಗಿ ಕೇಳಿತು. ಆಮೇಲೆ ಮರದ ಕೊಳವೆ, ಆಮೇಲೆ ಇಂದಿನ ರಬ್ಬರಿನ ನಳಿಗೆ. ಕಿವಿಯ ಸಂಕೋಚಕ್ಕೆ ಹೀಗೆ ಉಪಾಯ ದೊರೆಯಿತು. ನಾಲಿಗೆಯ ಸಂಕೋಚಕ್ಕೆ ದೊರೆತಿಲ್ಲ.

ಅಮ್ಮನ ವಿಷಯ ಹೇಳಬೇಕು. ಅವಳ ಅನುಮತಿ ಪಡೆದೇ ಬರೆಯುತ್ತಿದ್ದೇನೆ.

೨೦೧೬ರಲ್ಲಿ ಅವಳಿಗೆ ಎಪ್ಪತ್ತೊಂದು. ಅಪ್ಪ ಹೋದಾಗ ಇಪ್ಪತ್ತೊಂಬತ್ತರ ಹೆಣ್ಣು. ಇಬ್ಬರು ಗಂಡುಮಕ್ಕಳನ್ನು ಸಾಕಿ ಓದಿಸಿದವಳು. ಆ ವರ್ಷ ಮಳೆಗಾಲದಲ್ಲಿ ಮೊಣಕಾಲು ನೋವೆಂದು ಹೇಳತೊಡಗಿದಳು. ಎಂದೂ ವೈದ್ಯರ ಹೆಸರೆತ್ತದವಳು ತಾನಾಗಿಯೇ, "ಒಮ್ಮೆ ಡಾಕ್ಟರಿಗೆ ತೋರಿಸೋಣವೆ?" ಎಂದಳು. ನಾನು ಕರ್ತವ್ಯಪರನಾದ ಮಗ. ಕರೆದುಕೊಂಡು ಹೋದೆ. ವೈದ್ಯರು ಅವಳನ್ನು ಕೇಳಿದ ಪ್ರಶ್ನೆಗಳಿಗೆಲ್ಲ ನಾನೇ ಉತ್ತರ ಕೊಟ್ಟೆ. ನಿದ್ರೆ ಬರುತ್ತದೆಯೆ? ಬರುತ್ತದೆ ಸಾರ್. ಹಸಿವು? ಚೆನ್ನಾಗಿದೆ. ಬೇರೆ ಏನಾದರೂ? ಏನೂ ಇಲ್ಲ, ಮೊಣಕಾಲು ಮಾತ್ರ. ಅಮ್ಮ ಸೆರಗಿನ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕುಳಿತಿದ್ದಳು. ತಿಂಗಳು ಬಿಟ್ಟು ಮತ್ತೆ ಹೋಗೋಣವೆಂದಳು. ಮತ್ತೆ ಮೊಣಕಾಲು, ಮತ್ತೆ ನನ್ನ ಉತ್ತರಗಳು. ಮೂರನೆಯ ಬಾರಿಯೂ ಹಾಗೆಯೇ ಮುಗಿದು, ನಾನು ಮುಂದೆ, ಅವಳು ಹಿಂದೆ ಹೊರಟೆವು. ಬಾಗಿಲಲ್ಲಿ ತಿರುಗಿ ನೋಡಿದರೆ ಅಮ್ಮ ಹೊಸ್ತಿಲ ಮೇಲೆಯೇ ನಿಂತಿದ್ದಳು. ಒಳಗೂ ಇಲ್ಲ, ಹೊರಗೂ ಇಲ್ಲ.

ವೈದ್ಯರು ಕುರ್ಚಿಯಿಂದ ಎದ್ದು, "ಮೇಷ್ಟರೇ, ನೀವು ಸ್ವಲ್ಪ ಹೊರಗೆ ಕೂತಿರಿ" ಎಂದರು. ಒಳಗಿದ್ದ ದಾದಿಯನ್ನು ಕರೆದು ಬಾಗಿಲು ಹಾಕಿದರು.

ಮುಟ್ಟು ನಿಂತು ಇಪ್ಪತ್ತು ವರ್ಷವಾಗಿದ್ದ ನನ್ನ ತಾಯಿಗೆ ಐದು ತಿಂಗಳಿಂದ ಆಗಾಗ ರಕ್ತಸ್ರಾವವಾಗುತ್ತಿತ್ತು. ಮನೆಯಲ್ಲಿ ಯಾರಿಗೂ ತಿಳಿಯದಂತೆ, ನಾವು ಏಳುವ ಮೊದಲು ಸೀರೆಗಳನ್ನು ಒಗೆದು ಹಾಕುತ್ತಿದ್ದಳು. ಅವಳು ಬೇಗ ಏಳುವುದನ್ನು ನೋಡಿ, ವಯಸ್ಸಾದವರಿಗೆ ನಿದ್ರೆ ಕಡಿಮೆ ಎಂದು ನಾನು ತಿಳಿದಿದ್ದೆ. ಸೊಸೆಗೆ ಹೇಳಬಹುದಾಗಿತ್ತಲ್ಲ ಎಂದರೆ, "ಅವಳು ನಿನಗೆ ಹೇಳುತ್ತಿದ್ದಳು" ಎಂದಳು. ಈ ವಾಕ್ಯವನ್ನು ನಾನು ಇಂದಿಗೂ ಪೂರ್ತಿಯಾಗಿ ಅರಗಿಸಿಕೊಂಡಿಲ್ಲ.

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ವೈದ್ಯರಿಗೆ ಹೇಳಲೇಬೇಕು. ಹೆಚ್ಚಿನವರಲ್ಲಿ ಅದಕ್ಕೆ ಕಾರಣ ಒಳಪದರ ತೆಳುವಾಗಿರುವುದು ಮುಂತಾದ ಭಯಪಡಬೇಕಾಗಿಲ್ಲದ ಸಂಗತಿಗಳೇ. ಹತ್ತರಲ್ಲಿ ಸುಮಾರು ಒಬ್ಬರಿಗೆ ಅದು ಗರ್ಭಕೋಶದ ಒಳಪದರದ ಕ್ಯಾನ್ಸರಾಗಿರುತ್ತದೆ. ಈ ರೋಗದ ಒಂದು ಗುಣವೆಂದರೆ, ಅದು ಬಹುಪಾಲು ಹೆಂಗಸರಲ್ಲಿ ಮೊದಲ ಹಂತದಲ್ಲಿಯೇ ರಕ್ತವನ್ನು ಕಾಣಿಸಿ ಎಚ್ಚರಿಸುತ್ತದೆ. ಆಗಲೇ ಹಿಡಿದರೆ ಶಸ್ತ್ರಚಿಕಿತ್ಸೆಯಿಂದ ಬಹುಮಟ್ಟಿಗೆ ಗುಣವಾಗುತ್ತದೆ. ಹೀಗೆ ತಾನಾಗಿ ಬಾಯಿಬಿಟ್ಟು ಹೇಳುವ ರೋಗ ವಿರಳ. ರೋಗ ಹೇಳಿತ್ತು, ಕೇಳಿಸಿಕೊಂಡವಳು ಐದು ತಿಂಗಳು ಯಾರಿಗೂ ಹೇಳಿರಲಿಲ್ಲ. ಪರೀಕ್ಷೆಯಲ್ಲಿ ಅಮ್ಮ ಆ ಹತ್ತನೆಯವಳೇ ಆಗಿದ್ದಳು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅವಳ ಬಟ್ಟೆಗಳನ್ನು ತೆಗೆಯಲು ಪೆಟ್ಟಿಗೆ ತೆರೆದೆ. ತಳದಲ್ಲಿ, ಮಡಿಸೀರೆಯ ಕೆಳಗೆ, ಅನುಪಮಾ ನಿರಂಜನರ 'ತಾಯಿ-ಮಗು' ಇತ್ತು. ರಟ್ಟು ಸವೆದು ದಾರ ಬಿಟ್ಟಿತ್ತು. ವೈದ್ಯೆಯೂ ಲೇಖಕಿಯೂ ಆಗಿದ್ದ ಅವರು ಹೆಂಗಸರಿಗಾಗಿ ಇಂಥ ಪುಸ್ತಕಗಳನ್ನು ಕನ್ನಡದಲ್ಲಿ ಬರೆದರು. ಹುಡುಗಿಯರಿಗಾಗಿ 'ಕೇಳು ಕಿಶೋರಿ' ಬರೆದರು. ಮನೆಯಲ್ಲಿ ಯಾರನ್ನೂ ಕೇಳಲಾಗದುದನ್ನು ಒಂದು ತಲೆಮಾರಿನ ಹೆಂಗಸರು ಆ ಪುಟಗಳಲ್ಲಿ ಕೇಳಿಕೊಂಡರು. ಕನ್ನಡದ ಅಧ್ಯಾಪಕನಾದ ನಾನು ಅವರ ಕಾದಂಬರಿಗಳನ್ನು ಪಾಠ ಹೇಳಿದ್ದೆ. ಈ ಪುಸ್ತಕ ನನ್ನ ಮನೆಯಲ್ಲಿಯೇ ಇದೆಯೆಂದು ತಿಳಿದಿರಲಿಲ್ಲ.

ಅಮ್ಮ ಚೇತರಿಸಿಕೊಂಡಳು. ರೋಗ ಗರ್ಭಕೋಶವನ್ನು ದಾಟಿರಲಿಲ್ಲ. ಆ ವರ್ಷವೇ ನಾನು ಒಂದು ನೂರು ಪುಟದ ನೋಟುಪುಸ್ತಕ ಕೊಂಡು, ಅಜ್ಜನಿಂದ ಆರಂಭಿಸಿ ನಮ್ಮ ಮನೆಯವರ ಹೆಸರು, ಹೋದ ವಯಸ್ಸು, ಹೋದ ಕಾರಣ, ಇರುವವರ ಕಾಯಿಲೆ, ನುಂಗುವ ಔಷಧ, ಮೈಗೆ ಒಗ್ಗದ ಔಷಧ ಎಲ್ಲವನ್ನೂ ಬರೆದಿಟ್ಟೆ. ವಾಯು, ದೃಷ್ಟಿ ಮುಂತಾದ ಶಬ್ದಗಳನ್ನು ಬಳಸಿಲ್ಲ. ಸೋದರತ್ತೆಯರ ಮಕ್ಕಳಿಗೂ ಪ್ರತಿ ಕಳಿಸಿದೆ. ಒಬ್ಬರು ಧನ್ಯವಾದ ಬರೆದರು. ಇನ್ನೊಬ್ಬರು, ಮಗಳ ಮದುವೆಯ ಮಾತುಕತೆ ನಡೆಯುತ್ತಿರುವಾಗ ಇಂಥದನ್ನು ಕಳಿಸುವುದೆ ಎಂದು ಆರು ತಿಂಗಳು ಮಾತು ಬಿಟ್ಟರು.

ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಅಮ್ಮ ಪರೀಕ್ಷೆಗೆ ಹೋಗಬೇಕಾಗಿತ್ತು. ಆಗಿನಿಂದ ನಾನು ಒಳಗೆ ಹೋಗುವುದಿಲ್ಲ. ಹೊರಗಿನ ಬೆಂಚಿನ ಮೇಲೆ ಪತ್ರಿಕೆ ಓದುತ್ತ ಕೂರುತ್ತೇನೆ. ಮೊದಲ ಸಲ ಅವಳು ಒಬ್ಬಳೇ ಒಳಗೆ ಹೋದಾಗ ಮುಕ್ಕಾಲು ಗಂಟೆಯಾದರೂ ಬರಲಿಲ್ಲ. ಕಾಯುತ್ತಿದ್ದವರೆಲ್ಲ ನನ್ನ ಕಡೆ ಅಸಮಾಧಾನದಿಂದ ನೋಡತೊಡಗಿದರು. ಕೊನೆಗೆ ಬಾಗಿಲು ತೆರೆಯಿತು. ಅಮ್ಮ ನಗುತ್ತ ಹೊರಗೆ ಬಂದಳು. ಏನು ಮಾತಾಡಿದಿರಿ ಎಂದು ನಾನು ಕೇಳಲಿಲ್ಲ. ಆಟೋದಲ್ಲಿ ಅರ್ಧ ದಾರಿ ಬಂದ ಮೇಲೆ ಅವಳು ತಟ್ಟನೆ ನನ್ನ ತೋಳು ಹಿಡಿದು, "ಅಯ್ಯೋ, ಮೊಣಕಾಲಿನ ವಿಷಯ ಕೇಳುವುದೇ ಮರೆತುಹೋಯಿತಲ್ಲೋ" ಎಂದಳು.