ನಳದ ನಟ್ಟಿಗೆ ಯಾವ ಪಾನಾ?

ಬೆಳಗಿನ ಆರು ಗಂಟೆ. ನಳಕ್ಕೆ ನೀರು ಬಂದಿದೆ. ಕೊಡ, ಬಕೆಟ್ಟು, ಹಂಡೆಗಳು ಸಾಲಾಗಿ ಕಾಯುತ್ತಿವೆ. ಬಚ್ಚಲುಮನೆಯ ನಳದ ಬುಡದಲ್ಲಿ ಮಾತ್ರ ನೀರು ಜಿನುಗುತ್ತಿದೆ. 'ಯಪ್ಪಾ, ಆ ಪಕ್ಕಡ ತಗೊಂಡ ಒಂದೀಟ ಬಿಗಿ ಮಾಡ' ಎಂದು ತಾಯಿ ಅಡುಗೆಮನೆಯಿಂದಲೇ ಕೂಗುತ್ತಾಳೆ. ಓದುತ್ತ ಕುಳಿತ ಮಗ ಪುಸ್ತಕ ಮುಚ್ಚಿ ಬರುತ್ತಾನೆ. ಪಕ್ಕಡದಲ್ಲಿ ನಟ್ಟು ಹಿಡಿದು ತಿರುವುತ್ತಾನೆ. ಪಕ್ಕಡ ಜಾರುತ್ತದೆ. ಇನ್ನೂ ಬಲ ಹಾಕುತ್ತಾನೆ. ನಟ್ಟಿನ ಮೂಲೆಗಳು ಸವೆದು ದುಂಡಗಾಗುತ್ತವೆ. ಕೊನೆಗೆ ನಳವನ್ನೇ ಹಿಡಿದು ಒಮ್ಮೆ ಜೋರಾಗಿ ತಿರುವಿದಾಗ ಗೋಡೆಯೊಳಗೆ 'ಟಕ್' ಎಂಬ ಸದ್ದು. ಐದು ರೂಪಾಯಿಯ ವಾಷರಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಗೋಡೆ ಒಡೆಸುವವರೆಗೆ ಹೋಗುತ್ತದೆ.

ಇಂಥ ಬೆಳಗು ಯಾವ ಊರಿಗೂ ಹೊಸದಲ್ಲ. ಆದರೆ ಗೋಕಾಕದಂಥ ಊರಿನಲ್ಲಿ ಇದು ತುಸು ಮುಜುಗರದ ಮಾತು. ಘಟಪ್ರಭಾ ನದಿ 52 ಮೀಟರ್ ಎತ್ತರದಿಂದ ಧುಮುಕುವ ಜಾಗದಲ್ಲಿ, ಆ ನೀರಿನ ಬಲದಿಂದಲೇ 1887ರಲ್ಲಿ ನೂಲಿನ ಗಿರಣಿ ಓಡಿಸಿದ ನೆಲವಿದು. ನೀರು, ಕಬ್ಬಿಣ, ನಟ್ಟು, ಬೋಲ್ಟುಗಳ ಒಡನಾಟ ಇಲ್ಲಿ ಶತಮಾನಕ್ಕೂ ಹಳೆಯದು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಯೋಜನೆಯಿಂದ ಹಳ್ಳಿಗಳ ಅಂಗಳಕ್ಕೂ ನಳ ಬರತೊಡಗಿದೆ. ನಳ ಬಂದ ಮನೆಗೆ ಅದನ್ನು ಹಿಡಿಯುವ ಸರಿಯಾದ ಪಾನಾ ಕೂಡ ಬರಬೇಕಲ್ಲವೆ?

ಮೂಲೆ ಇದ್ದರೆ ಪಾನಾ, ದುಂಡಗಿದ್ದರೆ ರೆಂಚ್

ಸ್ಪ್ಯಾನರಿಗೆ ಈ ಕಡೆ 'ಪಾನಾ' ಎನ್ನುವುದು ರೂಢಿ. ಅಂಗಡಿಯಲ್ಲಿ ಹತ್ತಾರು ಬಗೆಯ ಪಾನಾಗಳನ್ನು ಕಂಡು ಗಾಬರಿಯಾಗಬೇಕಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ತಿರುವಬೇಕಾದ ವಸ್ತುವಿಗೆ ಮೂಲೆಗಳಿವೆಯೆ, ಇಲ್ಲವೆ?

ನಟ್ಟಿಗೆ ಆರು ಮುಖಗಳಿರುತ್ತವೆ. ಅದನ್ನು ಹಿಡಿಯಲು ನಯವಾದ, ಸಮಾನಾಂತರ ದವಡೆಗಳು ಬೇಕು. ಅದೇ ಸ್ಪ್ಯಾನರ್. ಪೈಪು ದುಂಡಗಿರುತ್ತದೆ. ನಯವಾದ ದವಡೆ ಅದರ ಮೇಲೆ ಜಾರುತ್ತದೆ. ಅದಕ್ಕೆ ಹಲ್ಲುಗಳಿಂದ ಕಚ್ಚಿ ಹಿಡಿಯುವ ಪೈಪ್ ರೆಂಚ್ ಬೇಕು. ಈ ಎರಡನ್ನು ಅದಲುಬದಲು ಮಾಡಿದರೆ ಕೆಲಸ ಕೆಟ್ಟಂತೆಯೇ. ಪೈಪ್ ರೆಂಚಿನ ಹಲ್ಲು ಹೊಳೆಯುವ ನಳದ ನಟ್ಟಿಗೆ ತಗುಲಿದರೆ ಅದರ ಕ್ರೋಮ್ ಲೇಪ ಕಿತ್ತು ಬರುತ್ತದೆ. ಪಕ್ಕಡವಾದರೋ ತಂತಿ ಹಿಡಿಯಲು, ಕತ್ತರಿಸಲು ಇರುವಂಥದು. ನಟ್ಟಿನ ಮೂಲೆ ಸವೆಸುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ.

ಸ್ಪ್ಯಾನರಿನಲ್ಲಿಯೂ ಬಗೆಗಳಿವೆ. ತೆರೆದ ಬಾಯಿಯದು ನಟ್ಟಿನ ಎರಡು ಮುಖಗಳನ್ನು ಮಾತ್ರ ಹಿಡಿಯುತ್ತದೆ. ಉಂಗುರದಂಥ ರಿಂಗ್ ಸ್ಪ್ಯಾನರ್ ಸುತ್ತಲೂ ಹಿಡಿಯುವುದರಿಂದ ಜಾರುವುದು ಕಡಿಮೆ. ಆದರೆ ಪೈಪು ಹಾದುಹೋಗಿರುವ ನಟ್ಟಿಗೆ ಉಂಗುರ ತೂರಿಸಲಾಗದು. ಆದ್ದರಿಂದ ನಳದ ಕೆಲಸಕ್ಕೆ ಬಾಯಿ ಹಿಗ್ಗಿಸಿ ಕುಗ್ಗಿಸಬಹುದಾದ ಅಡ್ಜಸ್ಟೇಬಲ್ ಸ್ಪ್ಯಾನರ್ ಹೆಚ್ಚು ಅನುಕೂಲ. 10 ಇಂಚು ಉದ್ದದ ಒಂದು ಸ್ಪ್ಯಾನರ್ ಮನೆಯ ಬಹುಪಾಲು ನಟ್ಟುಗಳಿಗೆ ಸಾಕು.

ಅದನ್ನು ಬಳಸುವುದಕ್ಕೊಂದು ರೀತಿಯಿದೆ. ದವಡೆ ನಟ್ಟಿಗೆ ಒಂದಿಷ್ಟೂ ಅಲುಗದಂತೆ ಬಿಗಿಯಾಗಿ ಕೂಡಬೇಕು. ಹಿಡಿಕೆ ಯಾವ ಕಡೆಗೆ ತಿರುಗುವುದೋ ಆ ಕಡೆಗೆ ಸರಿದಾಡುವ ದವಡೆ ಇರಬೇಕು. ಆಗ ಭಾರವೆಲ್ಲ ಗಟ್ಟಿ ದವಡೆಯ ಮೇಲೆ ಬೀಳುತ್ತದೆ.

ಕಚ್ಚುವ ದವಡೆಯ ಗುಟ್ಟು

ಇಂದಿನ ಪೈಪ್ ರೆಂಚಿನ ಮೂಲರೂಪಕ್ಕೆ ಅಮೆರಿಕದ ಡೇನಿಯಲ್ ಸ್ಟಿಲ್ಸನ್ 1869ರಲ್ಲಿ ಪೇಟೆಂಟ್ ಪಡೆದ. ಅದರ ಜಾಣತನವಿರುವುದು ಮೇಲಿನ ದವಡೆಯಲ್ಲಿ. ಅದು ತುಸು ಸಡಿಲವಾಗಿಯೇ ಇರುತ್ತದೆ. ಕೊಂಡವರು ಎಷ್ಟೋ ಸಲ ಇದನ್ನು ದೋಷವೆಂದು ಭಾವಿಸುತ್ತಾರೆ. ಹಿಡಿಕೆ ಎಳೆದಾಗ ಈ ದವಡೆ ವಾಲಿ ಪೈಪನ್ನು ಅಪ್ಪಿ ಹಿಡಿಯುತ್ತದೆ. ಎಳೆದಷ್ಟೂ ಕಚ್ಚು ಬಿಗಿಯಾಗುತ್ತದೆ. ಆದರೆ ಇದು ಒಂದೇ ದಿಕ್ಕಿಗೆ. ರೆಂಚಿನ ಬಾಯಿ ತೆರೆದಿರುವ ಕಡೆಗೆ ಹಿಡಿಕೆ ಎಳೆಯಬೇಕು. ಪೈಪು ದವಡೆಗಳ ನಡುಮಧ್ಯದಲ್ಲಿರಬೇಕು, ಅದರ ಹಿಂದೆ ಒಂದು ಬೆರಳಿನಷ್ಟು ಜಾಗ ಬಿಟ್ಟಿರಬೇಕು.

ರೆಂಚಿನ ಅಳತೆ ಎಂದರೆ ಅದರ ಒಟ್ಟು ಉದ್ದ. ಮನೆಯ ಅರ್ಧ, ಮುಕ್ಕಾಲು ಇಂಚಿನ ಕಬ್ಬಿಣದ ಪೈಪುಗಳಿಗೆ 10 ಮತ್ತು 14 ಇಂಚಿನ ಎರಡು ರೆಂಚುಗಳಿದ್ದರೆ ಸಾಕು. ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿಯಿದೆ. 'ಅರ್ಧ ಇಂಚು' ಪೈಪಿನ ಹೊರಮೈಯನ್ನು ಅಳೆದು ನೋಡಿ. ಅದು 12.7 ಮಿಲಿಮೀಟರ್ ಇರುವುದಿಲ್ಲ, ಸುಮಾರು 21 ಮಿಲಿಮೀಟರ್ ಇರುತ್ತದೆ. ಅರ್ಧ ಇಂಚು ಎಂಬುದು ಪೈಪಿನ ಒಳಗಂಡಿಯ ಲೆಕ್ಕದಿಂದ ಬಂದ ಹೆಸರು.

ಪ್ಲಾಸ್ಟಿಕ್ ಪೈಪಿಗೆ ಈ ರೆಂಚ್ ಹಾಕಲೇಬೇಡಿ. ಸೀಳಿಬಿಟ್ಟೀತು. ಪ್ಲಾಸ್ಟಿಕ್ ನಟ್ಟುಗಳಿಗೆ ಕೈಬಿಗಿ ಸಾಕು. ತೀರ ಅಗತ್ಯವಿದ್ದರೆ ಬಟ್ಟೆ ಸುತ್ತಿ, ವಾಟರ್ ಪಂಪ್ ಪ್ಲೈಯರಿನಿಂದ ಕಾಲು ಸುತ್ತು ತಿರುವಬಹುದು. ಬಾಯಿಯನ್ನು ಹಂತಹಂತವಾಗಿ ಅಗಲಿಸಬಹುದಾದ ಈ ಪ್ಲೈಯರ್ ವಾಷ್‌ಬೇಸಿನ್ನಿನ ಕೆಳಗಿನ ದೊಡ್ಡ ನಟ್ಟುಗಳಿಗೆ ಒಳ್ಳೆಯದು.

ಒಂದು ಕೈ ತಿರುವಲು, ಒಂದು ಕೈ ತಡೆಯಲು

ಆರಂಭದ ಪ್ರಸಂಗದ ಹುಡುಗನಿಗೆ ಪಕ್ಕಡಕ್ಕಿಂತ ದೊಡ್ಡ ಕೇಡು ಮಾಡಿದ್ದು ಇನ್ನೊಂದು ಸಂಗತಿ. ಅವನ ಕೈಯಲ್ಲಿದ್ದುದು ಒಂದೇ ಸಲಕರಣೆ. ನಳವನ್ನು ತಿರುವಿದ ಬಲ ಅಲ್ಲಿಗೇ ನಿಲ್ಲದೆ ಗೋಡೆಯೊಳಗಿನ ಮೊಣಕೈಗೆ, ಅಂದರೆ ಎಲ್ಬೋಗೆ ಹೋಯಿತು. ಅನುಭವಸ್ಥ ಮಿಸ್ತ್ರಿಯ ಕೈ ನೋಡಿ. ಒಂದು ರೆಂಚ್ ಬಿಚ್ಚುವ ಭಾಗವನ್ನು ತಿರುವುತ್ತಿರುತ್ತದೆ, ಇನ್ನೊಂದು ಹಿಂದಿನ ಪೈಪನ್ನು ಅಲುಗದಂತೆ ತಡೆದಿರುತ್ತದೆ. ಎರಡು ರೆಂಚ್ ಕೊಳ್ಳಬೇಕೆಂದು ಹೇಳುವುದು ಇದಕ್ಕೇ.

ಬಲದ ಲೆಕ್ಕ ಶಾಲೆಯ ವಿಜ್ಞಾನದಲ್ಲಿಯೇ ಇದೆ. ತಿರುಗಿಸುವ ಶಕ್ತಿ ಎಂದರೆ ಹಾಕಿದ ಬಲ ಮತ್ತು ಹಿಡಿಕೆಯ ಉದ್ದದ ಗುಣಲಬ್ಧ. 6 ಇಂಚು ದೂರದಲ್ಲಿ ಹಿಡಿದು ಎಳೆಯುವುದಕ್ಕಿಂತ 12 ಇಂಚು ದೂರದಲ್ಲಿ ಹಿಡಿದು ಎಳೆದರೆ, ಅದೇ ಬಲಕ್ಕೆ ಎರಡರಷ್ಟು ಫಲ. ಹಾಗೆಂದು ಹಿಡಿಕೆಗೆ ಉದ್ದನೆಯ ಪೈಪು ತೊಡಿಸಿ ಎಳೆಯುವುದು ಅಪಾಯ. ಹಿಡಿಕೆ ಮುರಿಯಬಹುದು, ಜಾರಿ ಮುಖಕ್ಕೆ ಬಡಿಯಬಹುದು. ಸಾಧ್ಯವಿದ್ದಲ್ಲೆಲ್ಲ ಪಾನಾವನ್ನು ನಿಮ್ಮ ಕಡೆಗೆ ಎಳೆಯಿರಿ, ತಳ್ಳಬೇಡಿ. ತಳ್ಳುವಾಗ ಜಾರಿದರೆ ಬೆರಳ ಗಂಟುಗಳು ಗೋಡೆಗೆ ಜಜ್ಜುತ್ತವೆ.

2019ರ ಆಗಸ್ಟಿನಲ್ಲಿ ಘಟಪ್ರಭಾ ಗೋಕಾಕದ ಮನೆಗಳಿಗೆ ನುಗ್ಗಿದ್ದನ್ನು ಊರು ಮರೆತಿಲ್ಲ. ನೀರು, ಕೆಸರಿನಲ್ಲಿ ನಿಂತ ಕಬ್ಬಿಣದ ಜೋಡಣೆ ತುಕ್ಕು ಹಿಡಿದು ಕಲ್ಲಿನಂತಾಗುತ್ತದೆ. ಅಂಥ ಕಡೆ ಬಲಕ್ಕಿಂತ ತಾಳ್ಮೆ ಮುಖ್ಯ. ತುಕ್ಕು ಬಿಡಿಸುವ ಎಣ್ಣೆಯನ್ನು ಹೊರಗಿನಿಂದ ಹಚ್ಚಿ ಒಂದು ರಾತ್ರಿ ಬಿಡಿ. ಮರುದಿನ ತುಸು ಬಿಗಿ, ತುಸು ಸಡಿಲ ಮಾಡುತ್ತ ಬಿಡಿಸಿ. ಎಣ್ಣೆ ಪೈಪಿನ ಒಳಗೆ ಹೋಗದಂತೆ ನೋಡಿಕೊಳ್ಳಿ.

ರಜೆಯ ದಿನದ ಪಾಠ

ಮೊದಲ ಪಾಠಕ್ಕೆ ತೊಟ್ಟಿಕ್ಕುವ ಸಾದಾ ನಳವೇ ಸಾಕು. ಅದರ ಕೆಳಗೆ 200 ಮಿಲಿಲೀಟರಿನ ಲೋಟ ಇಟ್ಟು ಗಡಿಯಾರ ನೋಡಿ. 20 ನಿಮಿಷಕ್ಕೆ ತುಂಬಿದರೆ ದಿನಕ್ಕೆ 72 ಲೋಟ, ಅಂದರೆ 14 ಲೀಟರಿಗೂ ಹೆಚ್ಚು ನೀರು ಪೋಲು. ನಂತರ ವಾಲ್ವ್ ಮುಚ್ಚಿ, ನಳ ತೆರೆದು ಉಳಿದ ನೀರು ಹರಿಯಲು ಬಿಡಿ. ಅಡ್ಜಸ್ಟೇಬಲ್ ಸ್ಪ್ಯಾನರಿನಿಂದ ನಳದ ತಲೆಯ ನಟ್ಟನ್ನು ಎಡಕ್ಕೆ ತಿರುವಿ ಬಿಚ್ಚಿ, ಇನ್ನೊಂದು ಕೈಯಿಂದ ನಳವನ್ನು ಗಟ್ಟಿಯಾಗಿ ಹಿಡಿದಿರಿ. ಸವೆದ ವಾಷರ್ ತೆಗೆದು, ಅದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯ ಹೊಸದು ತಂದು ಕೂಡಿಸಿ. ನಳವನ್ನೇ ಬದಲಿಸುವುದಾದರೆ ಟೆಫ್ಲಾನ್ ಟೇಪನ್ನು ಮರೆ ಬಿಗಿಯಾಗುವ ದಿಕ್ಕಿನಲ್ಲಿಯೇ ಸುತ್ತಬೇಕು. ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಳ್ಳುತ್ತದೆ.

ಗೀಸರಿನ ಜೋಡಣೆ, ಗೋಡೆಯೊಳಗಿನ ಸೋರಿಕೆ, ಬೀದಿಯ ಮುಖ್ಯ ಕೊಳವೆ ಇವಕ್ಕೆ ಕೈ ಹಾಕಬೇಡಿ. ಅವು ಬಲ್ಲವರ ಕೆಲಸ. ಐ.ಟಿ.ಐ.ಗಳಲ್ಲಿ ಪ್ಲಂಬರ್ ವೃತ್ತಿಗೆ ಒಂದು ವರ್ಷದ ತರಬೇತಿಯಿದೆ ಎಂಬುದನ್ನು ನೆನಪಿಟ್ಟರೆ ಆ ವಿದ್ಯೆಯ ಬೆಲೆ ತಿಳಿದೀತು.

ತಂದೆತಾಯಿಗಳಿಗೂ ಒಂದು ಮಾತು. ಮಿಸ್ತ್ರಿ ಮನೆಗೆ ಬಂದಾಗ ಮಗನಾಗಲಿ ಮಗಳಾಗಲಿ ಪಕ್ಕದಲ್ಲಿ ನಿಂತು ನೋಡಲಿ, ಕೇಳಿದ ಪಾನಾ ಎತ್ತಿಕೊಡಲಿ. 'ಕಾಕಾ, ಇದಕ್ಕ ಇದನ್ನ ಯಾಕ ಹಾಕಿದ್ರಿ?' ಎಂದು ಕೇಳಲಿ. ಓದು ಕೆಡುತ್ತದೆಂಬ ಅಂಜಿಕೆ ಬೇಡ. ಪುಸ್ತಕದಲ್ಲಿ ಓದಿದ ಬಲದ ಪಾಠವನ್ನು ಕೈಯಾರೆ ಕಲಿಯಲು ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ಸಿಗಲಾರದು.